ಸುಮ್ಕೆ ಹೋಗ್ತಿಲ್ಲ ಕಣಪ್ಪ

ಕೆಲಸಕ್ಕೆ ಅಂತ ದಿನಾ ಮಂಡ್ಯದಿಂದ ಮೈಸೂರಿಗೆ ಬಸ್ಸಲ್ಲಿ ಓಡಾಡುತ್ತೇನೆ. ಮೊನ್ನೆ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಬಸ್ಸು ತುಂಬಿ ತುಳುಕುತ್ತಿತ್ತು. ನಿಂತಿದ್ದ ಒಬ್ಬರು ಎಲ್ಲರಿಗೂ ಕೇಳೋ ಹಾಗೆ, "ಫ್ರೀ ಅಲ್ವಾ, ಮನೇಲಿ ಕೂರೋಕೇ ಆಗಲ್ಲ ಇವ್ರಿಗೆ" ಅಂದರು. ನಾಲ್ಕೈದು ಜನ ನಕ್ಕರು. ನಾನೂ ನಕ್ಕೆ. ಅದು ಈಗಲೂ ಚುಚ್ಚುತ್ತಿದೆ.

ಅಜ್ಜಿ ನಗಲಿಲ್ಲ. ಪ್ಲಾಸ್ಟಿಕ್ ಕವರಿಂದ ಕೆ.ಆರ್. ಆಸ್ಪತ್ರೆ ಚೀಟಿ ತೆಗೆದು ಅವರ ಕಡೆ ಹಿಡಿದರು. "ನಾನೇನ್ ಸುಮ್ಕೆ ಹೋಗ್ತಿಲ್ಲ ಕಣಪ್ಪ, ಕಣ್ಣು ತೋರಿಸ್ಬೇಕು." ಆ ಮನುಷ್ಯ ಚೀಟಿ ನೋಡಲೂ ಇಲ್ಲ. ಅಜ್ಜಿ ಅದನ್ನ ನಾಲ್ಕು ಮಡಿಕೆ ಮಾಡಿ ಒಳಗಿಟ್ಟುಕೊಂಡರು. ಆಮೇಲೆ ದಾರಿಯುದ್ದಕ್ಕೂ ಮಾತಿಲ್ಲ.

ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅದರ ಖರ್ಚಿನ ಬಗ್ಗೆ ಜಗಳ ಆಡಿ, ಬಸ್ಸು ಸಾಲಲ್ಲ ಅಂತ ಬೈಯಿರಿ, ನಾನೂ ಬೈತೀನಿ. ಆದರೆ ಹೆಂಗಸರು ಯಾಕೆ ಹೊರಟರು ಅನ್ನೋ ಲೆಕ್ಕ ಯಾಕೆ ಬೇಕು? ಅದೇ ಬಸ್ಸಲ್ಲಿ ಸಿನಿಮಾಕ್ಕೆ ಹೊರಟ ಹುಡುಗರನ್ನ ಯಾರೂ ಕೇಳಲ್ಲ. ಸಿಟ್ಟು ಟಿಕೆಟ್ಟಿನ ದುಡ್ಡಿನ ಮೇಲಲ್ಲ ಬಿಡಿ. ದುಡ್ಡು ಕೊಟ್ಟು ಓಡಾಡುತ್ತಿದ್ದಾಗಲೂ "ಇಷ್ಟೊತ್ತಲ್ಲಿ ಒಬ್ಬಳೇ ಎಲ್ಲಿಗಮ್ಮ?" ಇದ್ದೇ ಇತ್ತು.

ಇನ್ನು ಮನೇಲಿ ಕೂರೋ ಮಾತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರಿಗೆ ಅದಕ್ಕೇ ದಿನಕ್ಕೆ ಸರಾಸರಿ 289 ನಿಮಿಷ ಹೋಗುತ್ತೆ. ಮಾಡೋ ಗಂಡಸರಿಗೆ 88. ಮನೇಲಿ ಕೂತಿರೋದು ಯಾರು ಸ್ವಾಮಿ?

ಇದರಲ್ಲಿ ಯಾವುದೂ ದೂರು ಕೊಡೋವಷ್ಟು ದೊಡ್ಡದಲ್ಲ. ತಿರುಗಿ ಬೈದರೆ "ತಮಾಷೆಗೆ ಅಂದೆ ಮೇಡಂ" ಅಂತಾರೆ, ಜಗಳಗಂಟಿ ನಾವೇ ಆಗ್ತೀವಿ. ಸುಮ್ಮನಿದ್ದರೆ ರಾತ್ರಿ ಪಾತ್ರೆ ತೊಳೆಯುವಾಗ ಆ ಮಾತು ಮತ್ತೆ ಬರುತ್ತೆ. ಹಾಗನ್ನಬೇಕಿತ್ತು, ಹೀಗನ್ನಬೇಕಿತ್ತು ಅಂತ ನಲ್ಲಿ ನೀರಿನ ಜೊತೆ ವಾದ. ನಿದ್ದೆ ಹಾಳು. ಹೀಗೇ ಆಗ್ತಾ ಆಗ್ತಾ, ಆಧಾರ್ ಕಾರ್ಡಿನ ಜೊತೆ ಒಂದು ಕಾರಣವನ್ನೂ ಬ್ಯಾಗಲ್ಲಿಟ್ಟುಕೊಂಡು ಹೊರಡೋದು ಅಭ್ಯಾಸವಾಗಿಬಿಡುತ್ತೆ.

ಹೋದ ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಕೆಲಸ ಏನೂ ಇರಲಿಲ್ಲ. ಹೊಳೆ ನೋಡಬೇಕು ಅನ್ನಿಸಿತ್ತು, ಅಷ್ಟೇ. ಮೆಟ್ಟಿಲ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದೆ. ಅತ್ತೆ ಫೋನ್ ಮಾಡಿದರು. "ಎಲ್ಲಿದ್ದೀಯಮ್ಮ?" ಅಂದರು, ಬೈಯೋಕೇನಲ್ಲ, ಸುಮ್ನೆ.

"ಹಲ್ಲು ನೋಯ್ತಿತ್ತು ಅತ್ತೆ, ಡಾಕ್ಟರ್ ಹತ್ರ ಬಂದಿದ್ದೆ" ಅಂದೆ.