ಸಕ್ಕರೆ ಆನೆಗೂ ಗೇಟ್ ಪಾಸ್

ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಸಂಕ್ರಾಂತಿಗೆ ಮೂರು ದಿನ ಇದ್ದಾಗ ಬಂದ ಸುತ್ತೋಲೆ ಈಗ ಅರ್ಧ ಹಾಸನದ ಫೋನುಗಳಲ್ಲಿ ಓಡಾಡುತ್ತಿದೆ. ನೀವೂ ಓದಿರುತ್ತೀರಿ. "ಎಳ್ಳು ಬೀರುವವರು ಸಂಜೆ 5ರಿಂದ 6ರೊಳಗೆ ಮನೆ ನಂಬರ್ ಬರೆದ ಪ್ಯಾಕೆಟ್ಟನ್ನು ಗೇಟಿನ ಬಳಿಯ ಟೇಬಲ್ ಮೇಲೆ ಇಟ್ಟು ಹೋಗತಕ್ಕದ್ದು. ಮನೆಮನೆಗೆ ಹೋಗಿ ಬೆಲ್ ಒತ್ತುವಂತಿಲ್ಲ. ಹೊರಗಿನವರಿಗೆ ಪ್ರವೇಶವಿಲ್ಲ." ಕೆಳಗೆ ಕೈ ಮುಗಿದ ಎರಡು ಇಮೋಜಿ.

ಎಂಥ ತಲೆ ನೋಡಿ! ನಮ್ಮ ಅಜ್ಜಿಯಂದಿರಿಗೆ ಈ ಟೇಬಲ್ ಹೊಳೆಯಲೇ ಇಲ್ಲ. ಪಾಪ, ಹೆಣ್ಣುಮಕ್ಕಳು ಹೊಸ ಲಂಗ ಎತ್ತಿ ಹಿಡಿದುಕೊಂಡು, ತಟ್ಟೆ ಹೊತ್ತು ಬೀದಿಯೆಲ್ಲ ಸುತ್ತುತ್ತಿದ್ದರು. ಪ್ರತಿ ಮನೆಯಲ್ಲೂ "ಯಾರ ಮಗಳೇ ನೀನು? ಎಷ್ಟನೇ ಕ್ಲಾಸು?" ಅನ್ನೋ ವಿಚಾರಣೆ. ಖಾಲಿ ತಟ್ಟೆ ಕಳಿಸಬಾರದು ಅಂತ ವಾಪಸ್ ಒಂದು ಹಿಡಿ ಎಳ್ಳು, ಒಂದು ಬಾಳೆಹಣ್ಣು. ಎಷ್ಟು ಸಮಯ ಹಾಳು!

ನಮ್ಮ ಮನೆಯಲ್ಲಿ ಇನ್ನೂ ಸಕ್ಕರೆ ಅಚ್ಚು ಹಾಕುತ್ತೇವೆ. ಮರದ ಅಚ್ಚನ್ನು ನೆನೆಹಾಕಿ, ಜೋಡಿ ಕೂಡಿಸಿ ರಬ್ಬರ್ ಬ್ಯಾಂಡ್ ಬಿಗಿಯಬೇಕು. ಕುದಿಯುವ ಪಾಕಕ್ಕೆ ಒಂದು ಚಮಚ ಹಾಲು ಹಾಕಿದರೆ ಸಕ್ಕರೆಯ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. (ಅದನ್ನು ನೋಡಿದವರು ವಾರ ಕಾಲ ಕಾಫಿಗೆ ಸಕ್ಕರೆ ಬೇಡ ಅನ್ನುತ್ತಾರೆ.) ಸೋಸಿ, ಮತ್ತೆ ಕುದಿಸಿ, ಅಂಚಿನಲ್ಲಿ ಬೆಳ್ಳಗೆ ಕಟ್ಟತೊಡಗಿದ ಕೂಡಲೇ ಸುರಿಯಬೇಕು. ಬೇಗ ಸುರಿದರೆ ಸಂದಿಯಿಂದ ಸೋರುತ್ತದೆ. ಚೂರು ತಡವಾದರೆ ಬಾಣಲೆಯೇ ಅಚ್ಚು. ನನ್ನ ಪಾಲಿಗೆ ಪ್ರತಿ ವರ್ಷ ಬಾಣಲೆಯದೇ ಅಚ್ಚು.

ಅಂದಹಾಗೆ, 2024ರ ಡಿಸೆಂಬರಿನಲ್ಲಿ ಜೈಸಲ್ಮೇರ್‌ನಲ್ಲಿ ಕೂತ ಜಿಎಸ್‌ಟಿ ಮಂಡಳಿ ಪಾಪ್‌ಕಾರ್ನ್ ಬಗ್ಗೆ ಹೇಳಿದ್ದು ನೆನಪಿದೆ ಅಲ್ವಾ? ಉಪ್ಪು ಖಾರ ಹಾಕಿ ಬಿಡಿಯಾಗಿ ಕೊಟ್ಟರೆ ಶೇ. 5, ಅದನ್ನೇ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದರೆ ಶೇ. 12, ಸಕ್ಕರೆ ಪಾಕ ಸೇರಿತೋ ಶೇ. 18. ಆ ಲೆಕ್ಕದಲ್ಲಿ ನಮ್ಮ ಎಳ್ಳು ಯಾವ ಸಾಲಿಗೆ ಸೇರುತ್ತದೆ? ಒಳಗೆ ಕೊಬ್ಬರಿ, ಬೆಲ್ಲ, ಹುರಿಗಡಲೆ, ಕಡಲೆಬೀಜ. ಪಕ್ಕದಲ್ಲಿ ಸಕ್ಕರೆ ಆನೆ. ಈಗ ಮನೆ ನಂಬರಿನ ಲೇಬಲ್ಲೂ ಬಂತು. ಸದ್ಯ, ಯಾರೂ ಕೇಳಿಲ್ಲ. ನಾನೂ ಸುಮ್ನೆ ನೆನಪಿಸಲು ಹೋಗುವುದಿಲ್ಲ.

ಆನೆ ಅಂದರೆ, ನಮ್ಮ ಜಿಲ್ಲೆಯಲ್ಲೇ ಬೇಲೂರು, ಸಕಲೇಶಪುರದ ಕಡೆ ಕಾಡಾನೆ ಯಾರನ್ನೂ ಕೇಳದೆ ಕಾಫಿ ತೋಟಕ್ಕೆ ನುಗ್ಗುತ್ತದೆ. ಎರಡಿಂಚಿನ ಸಕ್ಕರೆ ಆನೆಯನ್ನು ಮಾತ್ರ ನಮ್ಮ ಸಮಿತಿ ಗೇಟಿನಲ್ಲೇ ತಡೆದಿದೆ. ಅರಣ್ಯ ಇಲಾಖೆಯವರು ಒಮ್ಮೆ ಬಂದು ತರಬೇತಿ ಪಡೆಯಬಹುದು.

ಟೇಬಲ್ ವ್ಯವಸ್ಥೆ ಮಾತ್ರ ಅದ್ಭುತವಾಗಿ ನಡೆಯಿತು. ನಾವು ಇಟ್ಟ ಪ್ಯಾಕೆಟ್ಟುಗಳಲ್ಲಿ ಒಂದು ರಾತ್ರಿ ಎಂಟಕ್ಕೆ ನಮ್ಮ ಮನೆಗೇ ಬಂತು. ಹಳೆ ನಂಬರ್ ಹೊಡೆದುಹಾಕಿ ಮೇಲೆ ನಮ್ಮ ನಂಬರ್ ಬರೆದಿದ್ದರು. ಹೇಗೆ ಗೊತ್ತಾಯಿತು ಅಂದರೆ, ಒಳಗಿದ್ದ ಬಾತುಕೋಳಿಯ ಕೊಕ್ಕು ಮುರಿದಿತ್ತು. ಅಚ್ಚು ಬಿಡಿಸುವಾಗ ಮುರಿದವನು ನಾನೇ. ಪ್ಯಾಕೆಟ್ಟಿನ ಮೇಲೆ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಅಚ್ಚಾಗಿತ್ತು. ಯಾರ ಜೊತೆ ಮಾತಾಡುವುದು, ಟೇಬಲ್ ಜೊತೆಗಾ?

ಇಲ್ಲಿಗೆ ನಗು ಸಾಕು. ನಮ್ಮ ಮನೆಯಲ್ಲಿ ಅಚ್ಚಿನ ಪಾಕದ ಹದ ಗೊತ್ತಿರುವುದು ಪಾತ್ರೆ ತೊಳೆಯಲು ಬರುವ ಅಕ್ಕನಿಗೆ ಮಾತ್ರ. ಬೆಳಗ್ಗೆ ಆರೂವರೆಗೆ ಅದೇ ಗೇಟಿನಿಂದ ಒಳಗೆ ಬರುತ್ತಾರೆ, ನಾಲ್ಕು ಮನೆ ಕೆಲಸ ಮಾಡುತ್ತಾರೆ. ಆಗ ಅವರು ಹೊರಗಿನವರಲ್ಲ. ಸಂಜೆ ಅವರ ಮಗಳು ಹಸಿರು ಲಂಗ ಹಾಕಿಕೊಂಡು ನಮಗೆ ಎಳ್ಳು ಕೊಡಲು ಬಂದರೆ ಹೊರಗಿನವಳು. ನಾಚಿಕೆಯಾಗಬೇಕು ನಮಗೆ. ಆ ಸುತ್ತೋಲೆಗೆ ಓದದೆಯೇ ಹೆಬ್ಬೆರಳು ಎತ್ತಿದವರಲ್ಲಿ ನಾನೂ ಒಬ್ಬ.

ವಿಷಯ ತಿಳಿದು ನಾನು ಗೇಟಿಗೆ ಓಡುವಷ್ಟರಲ್ಲಿ ಹುಡುಗಿ ಹೊರಟುಹೋಗಿದ್ದಳು. ಸೆಕ್ಯುರಿಟಿಯವರ ಮೇಜಿನ ಮೇಲೆ ಕಾಗದದ ಪೊಟ್ಟಣ ಇತ್ತು. "ನಿಮಗೇ ಇರಲಿ ತಾತ ಅಂದ್ಲು ಸಾರ್," ಅಂದರು, ಬಾಯಲ್ಲಿ ಕೊಬ್ಬರಿ ಅಗಿಯುತ್ತಾ. ರಿಜಿಸ್ಟರಿನಲ್ಲಿ ಅವಳ ಹೆಸರು ದುಂಡಗೆ ಬರೆದಿತ್ತು. ಬಂದ ಉದ್ದೇಶ: ಎಳ್ಳು. ಒಳಗೆ ಹೋದ ಸಮಯದ ಜಾಗದಲ್ಲಿ ಒಂದು ಗೀಟು.