ಸ್ಕ್ರಿಪ್ಟ್ ಓಡದ ಬ್ರೌಸರ್‌ಗೂ ಸೇವೆ ಸಿಗಬೇಕೇ?

ಪ್ರಶ್ನೆ: ಓದುಗರ ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ (ಪುಟದ ಜೊತೆ ಬಂದು ಬ್ರೌಸರ್‌ನೊಳಗೇ ಓಡುವ ಕೋಡ್, ಚುಟುಕಾಗಿ ‘ಸ್ಕ್ರಿಪ್ಟ್’) ಓಡದಿದ್ದರೂ ಸಾರ್ವಜನಿಕ ಸೇವೆಯ ಜಾಲತಾಣ ಪೂರ್ತಿಯಾಗಿ ಕೆಲಸ ಮಾಡಬೇಕೇ, ಅಥವಾ ‘ಜಾವಾಸ್ಕ್ರಿಪ್ಟ್ ಸಕ್ರಿಯಗೊಳಿಸಿ’ ಎಂಬ ಸೂಚನೆ ಕೊಟ್ಟರೆ ಸಾಕೇ?

ಪರ

ಸ್ಕ್ರಿಪ್ಟ್ ಇಲ್ಲದೆ ಬರುವವರೆಂದರೆ ಹಟ ಹಿಡಿದು ಅದನ್ನು ನಿಲ್ಲಿಸಿಕೊಂಡ ಬೆರಳೆಣಿಕೆಯ ತಂತ್ರಜ್ಞರು ಎಂಬ ಎಣಿಕೆ ಜಾಲತಾಣ ಕಟ್ಟುವವರಲ್ಲಿ ಬೇರೂರಿದೆ. ಅದನ್ನು ಅಳೆದು ನೋಡಿದವರು ಬ್ರಿಟನ್ ಸರ್ಕಾರದ ಡಿಜಿಟಲ್ ಸೇವಾ ವಿಭಾಗದವರು. 2013ರಲ್ಲಿ ಅವರು ಆ ಸರ್ಕಾರದ ಗವ್.ಯುಕೆ ತಾಣದ ಮುಖಪುಟದಲ್ಲಿ ಕಣ್ಣಿಗೆ ಬೀಳದ ಮೂರು ಚಿತ್ರಗಳನ್ನು ಇಟ್ಟರು. ಮೊದಲನೆಯದನ್ನು ಯಾವ ಬ್ರೌಸರ್ ಆದರೂ ತರಿಸಿಕೊಳ್ಳುತ್ತಿತ್ತು, ಎರಡನೆಯದು ಸ್ಕ್ರಿಪ್ಟ್ ಓಡಿದರೆ ಮಾತ್ರ ಬರುತ್ತಿತ್ತು, ಮೂರನೆಯದು ನೋಸ್ಕ್ರಿಪ್ಟ್ ಟ್ಯಾಗ್‌ನ ಒಳಗಿದ್ದುದರಿಂದ ಸ್ಕ್ರಿಪ್ಟ್ ನಿಂತಿರುವ ಬ್ರೌಸರ್‌ಗೆ ಮಾತ್ರ ಸಿಗುತ್ತಿತ್ತು. ಐದು ಲಕ್ಷಕ್ಕೂ ಮಿಕ್ಕ ಭೇಟಿಗಳ ಲೆಕ್ಕ ತೆಗೆದಾಗ ಶೇ 1.1ರಷ್ಟು ಭೇಟಿಗಳಲ್ಲಿ ಸ್ಕ್ರಿಪ್ಟ್ ಓಡಿರಲಿಲ್ಲ. ಈ ಪೈಕಿ ಸ್ಕ್ರಿಪ್ಟನ್ನು ತಾವೇ ನಿಲ್ಲಿಸಿದವರು ಹಾಗೂ ಅದು ಗೊತ್ತೇ ಇಲ್ಲದ ಬ್ರೌಸರ್ ಬಳಸುವವರು ಒಟ್ಟು ಭೇಟಿಗಳ ಶೇ 0.2 ಮಾತ್ರ. ಉಳಿದ ಶೇ 0.9ರಷ್ಟು ಬ್ರೌಸರ್‌ಗಳಲ್ಲಿ ಅದು ಓಡಬೇಕಿತ್ತು, ಓಡಲಿಲ್ಲ.

ಓಡದಿರಲು ಕಾರಣಗಳು ಹಲವು: ನಡುವೆ ಕಡಿದುಹೋದ ಮೊಬೈಲ್ ಸಂಪರ್ಕ, ಕಚೇರಿಯ ಫೈರ್‌ವಾಲ್, ಬೇರೆಯವರ ಸರ್ವರ್‌ನಿಂದ ಬರಬೇಕಾದ ಕಡತ ಬಾರದಿರುವುದು. 2014ರ ಜನವರಿಯಲ್ಲಿ ಬ್ರಿಟನ್ನಿನ ಸ್ಕೈ ಬ್ರಾಡ್‌ಬ್ಯಾಂಡ್ ಕಂಪನಿಯ ಸುರಕ್ಷತಾ ಫಿಲ್ಟರ್, ಲೆಕ್ಕವಿಲ್ಲದಷ್ಟು ತಾಣಗಳು ನೆಚ್ಚಿಕೊಂಡಿದ್ದ ಜೆಕ್ವೆರಿ ಎಂಬ ಸಿದ್ಧ ಜಾವಾಸ್ಕ್ರಿಪ್ಟ್ ಕೋಡ್‌ನ ಕಡತಗಳ ವಿಳಾಸವನ್ನೇ ಅಪಾಯಕಾರಿ ಎಂದು ತಪ್ಪಾಗಿ ತಡೆದಾಗ, ಆ ಕಡತಗಳಿಲ್ಲದೆ ನಡೆಯದ ತಾಣಗಳು ಆ ಗ್ರಾಹಕರ ಪಾಲಿಗೆ ಕೆಟ್ಟು ನಿಂತವು. ಅವರಾರೂ ಏನನ್ನೂ ನಿಲ್ಲಿಸಿರಲಿಲ್ಲ.

ಇಂಥವರಿಗೆ ‘ಸಕ್ರಿಯಗೊಳಿಸಿ’ ಎಂಬ ಸೂಚನೆ ಕೂಡ ಕಾಣಿಸುವುದಿಲ್ಲ. ನೋಸ್ಕ್ರಿಪ್ಟ್ ಟ್ಯಾಗ್‌ನ ಒಳಗಿನ ಮಾತು ಹೊರಬರುವುದು ಬ್ರೌಸರ್‌ನಲ್ಲಿ ಸ್ಕ್ರಿಪ್ಟ್ ಸೌಲಭ್ಯವೇ ನಿಂತಿದ್ದಾಗ ಮಾತ್ರ. ಕಡತ ದಾರಿಯಲ್ಲಿ ಕಳೆದುಹೋದರೆ ಬ್ರೌಸರ್ ತನ್ನ ಮಟ್ಟಿಗೆ ಎಲ್ಲವೂ ಚಾಲ್ತಿಯಲ್ಲಿದೆ ಎಂದೇ ತಿಳಿದು ಆ ಸೂಚನೆಯನ್ನು ತೋರಿಸದೆ ಬಿಡುತ್ತದೆ. ಓದುಗರಿಗೆ ಸಿಗುವುದು ಬರೀ ಬಿಳಿ ಪುಟ.

ಪಹಣಿ ಹುಡುಕಾಟದಂಥ ಒಂದು ಫಾರಂ ಅನ್ನು ತೆಗೆದುಕೊಳ್ಳೋಣ. ಜಿಲ್ಲೆ ಆರಿಸಿದರೆ ತಾಲ್ಲೂಕುಗಳ ಪಟ್ಟಿ, ತಾಲ್ಲೂಕು ಆರಿಸಿದರೆ ಹೋಬಳಿಗಳು, ಆಮೇಲೆ ಗ್ರಾಮ, ಕೊನೆಗೆ ಸರ್ವೆ ನಂಬರ್. ಪಟ್ಟಿಗಳನ್ನು ತುಂಬುವ ಕೆಲಸವನ್ನೆಲ್ಲ ಸ್ಕ್ರಿಪ್ಟ್‌ಗೆ ವಹಿಸಿದ್ದರೆ, ಅದು ಬಾರದ ದಿನ ರೈತನ ಮುಂದೆ ಖಾಲಿ ತಾಲ್ಲೂಕು ಪಟ್ಟಿ ಇರುತ್ತದೆ, ಒತ್ತಿದರೂ ಮಿಸುಕದ ಬಟನ್ ಇರುತ್ತದೆ, ಏನಾಯಿತೆಂಬ ಸುಳಿವು ಇರುವುದಿಲ್ಲ. ಅದೇ ಫಾರಂನಲ್ಲಿ ‘ಮುಂದೆ’ ಎಂಬ ಸಾದಾ ಬಟನ್ ಇಟ್ಟು, ಆರಿಸಿದ ಜಿಲ್ಲೆಯನ್ನು ಸರ್ವರ್‌ಗೆ ಕಳುಹಿಸಿ, ತಾಲ್ಲೂಕುಗಳನ್ನು ತುಂಬಿದ ಪುಟವನ್ನು ಅದರಿಂದಲೇ ತರಿಸಿಕೊಂಡರೆ ಕೆಲಸ ನಿಧಾನವಾದೀತು, ನಿಲ್ಲುವುದಿಲ್ಲ. ಸ್ಕ್ರಿಪ್ಟ್ ಬಂದವರಿಗೆ ಆ ಬಟನ್ನನ್ನು ಮರೆಮಾಡಿ ಪಟ್ಟಿ ತಾನೇ ತುಂಬುವಂತೆ ಮಾಡಬಹುದು. ಮೊದಲು ಪುಟದ ಮೂಲ ಭಾಷೆಯಾದ ಎಚ್‌ಟಿಎಮ್‌ಎಲ್‌ನಲ್ಲಿ ಕೆಲಸ ನಡೆಯಲಿ, ಸೊಗಸು ಆಮೇಲೆ ಸೇರಲಿ ಎಂಬ ಈ ಕ್ರಮವನ್ನು 2003ರಲ್ಲೇ ವೆಬ್ ತಂತ್ರಜ್ಞ ಸ್ಟೀವನ್ ಶಾಂಪಿಯನ್ ಮುಂದಿಟ್ಟಿದ್ದರು, ಗವ್.ಯುಕೆ ಇಂದಿಗೂ ಅದನ್ನೇ ಪಾಲಿಸುತ್ತಿದೆ.

ಉಳಿದ ಶೇ 0.2 ಮಂದಿಯನ್ನೂ ಹಟಮಾರಿಗಳೆಂದು ತಳ್ಳಿಹಾಕಲಾಗದು. ಬಳಕೆದಾರರ ಗುರುತು ಮರೆಸುವ ಟಾರ್ ಬ್ರೌಸರ್‌ನಲ್ಲಿ ಸುರಕ್ಷತೆಯನ್ನು ಅತ್ಯುನ್ನತ ಹಂತಕ್ಕೆ ಏರಿಸಿದರೆ ಜಾವಾಸ್ಕ್ರಿಪ್ಟ್ ತಾನಾಗಿ ನಿಲ್ಲುತ್ತದೆ. 2018ರ ಫೆಬ್ರುವರಿಯಲ್ಲಿ, ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಬ್ರೌಸ್‌ಅಲೌಡ್ ಎಂಬ ಸ್ಕ್ರಿಪ್ಟ್‌ನೊಳಗೆ ಯಾರೋ ಕ್ರಿಪ್ಟೊ ನಾಣ್ಯ ಗಣಿಗಾರಿಕೆಯ ಕೋಡ್ ತುರುಕಿದ್ದರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ತಾಣಗಳು ತಮ್ಮ ಓದುಗರ ಕಂಪ್ಯೂಟರನ್ನೇ ದುಡಿಸಿಕೊಂಡವು. ಅವುಗಳಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯ ತಾಣವೂ ಇತ್ತು. ಅಂದು ಅದರಿಂದ ಪಾರಾದವರಲ್ಲಿ ಸ್ಕ್ರಿಪ್ಟ್ ನಿಲ್ಲಿಸಿಕೊಂಡಿದ್ದವರೂ ಇದ್ದರು. ಎಚ್ಚರ ವಹಿಸಿದ ನಾಗರಿಕನಿಗೆ, ಮೊದಲು ಆ ಎಚ್ಚರವನ್ನು ಬಿಟ್ಟು ಬಾ, ಆಮೇಲೆ ಅರ್ಜಿ ತೆಗೆದುಕೊಳ್ಳುತ್ತೇವೆ ಎನ್ನಲು ಸರ್ಕಾರಕ್ಕೆ ಅಧಿಕಾರವಿರಬಾರದು.

ವಿರೋಧ

ಬ್ರಿಟನ್ನಿನ ಅದೇ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ಸ್ಕ್ರಿಪ್ಟ್ ಓಡದ ಭೇಟಿಗಳಲ್ಲಿ ಬಹುಪಾಲಿಗೆ ಕಾರಣ ಸಂಪರ್ಕ ಕೈಕೊಟ್ಟದ್ದು, ಕಡತ ಬಾರದೇ ಹೋದದ್ದು ಎನ್ನುವುದಾದರೆ, ಅದಕ್ಕೆ ಪರಿಹಾರ ಕಡತಗಳನ್ನು ಹಗುರಗೊಳಿಸುವುದು, ಹೊರಗಿನ ಸರ್ವರ್‌ಗಳ ಅವಲಂಬನೆ ಬಿಟ್ಟು ಸ್ವಂತ ಸರ್ವರ್‌ನಿಂದಲೇ ಕೊಡುವುದು, ಬಾರದಿದ್ದರೆ ಮತ್ತೆ ಯತ್ನಿಸುವಂತೆ ಮಾಡುವುದು. ಇವಿಷ್ಟು ಮಾಡಿದರೆ ಎಲ್ಲರಿಗೂ ಒಳಿತು. ಅದರ ಬದಲು ಪ್ರತಿಯೊಂದು ಸೇವೆಗೂ ಸ್ಕ್ರಿಪ್ಟ್ ಇಲ್ಲದ ಎರಡನೆಯ ದಾರಿ ಕಟ್ಟಿದರೆ, ಆ ದಾರಿಯನ್ನು ಪ್ರತಿ ಬದಲಾವಣೆಗೂ ಪರೀಕ್ಷಿಸುವವರು ಬೇಕು. ಟೆಂಡರ್ ಮೇಲೆ ತಾಣ ಕಟ್ಟಿಸಿಕೊಳ್ಳುವ ಇಲಾಖೆಗಳಲ್ಲಿ ಮುಖ್ಯ ದಾರಿಗೇ ನೆಟ್ಟಗೆ ಪರೀಕ್ಷೆ ನಡೆಯುವುದಿಲ್ಲವೆಂಬುದು ಫಾರಂ ತುಂಬಿದವರಿಗೆಲ್ಲ ಗೊತ್ತು. ಯಾರೂ ನೋಡದ ದಾರಿ, ಲಗತ್ತಿಸಿದ ದಾಖಲೆಯನ್ನು ಸದ್ದಿಲ್ಲದೆ ಬಿಟ್ಟು ಅರ್ಜಿ ಸಲ್ಲಿಕೆಯಾಗಿದೆ ಎಂದು ತೋರಿಸುವ ಸ್ಥಿತಿಗೆ ಬೇಗ ತಲುಪುತ್ತದೆ. ಇಲ್ಲ ಎಂದು ನೇರವಾಗಿ ಹೇಳುವ ಪುಟಕ್ಕಿಂತ ಇದು ಅಪಾಯಕರ.

ಪಹಣಿಯ ಉದಾಹರಣೆಯೂ ಒಂದೇ ದಿಕ್ಕಿಗೆ ವಾಲುವುದಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ನಾಲ್ಕು ಬಾರಿ ಸರ್ವರ್‌ಗೆ ಹೋಗಿ ನಾಲ್ಕು ಇಡೀ ಪುಟಗಳನ್ನು ತರಿಸಿಕೊಳ್ಳುವುದು, ಸಿಗ್ನಲ್ ಬಂದು ಹೋಗುವ ಊರಿನಲ್ಲಿ ನಾಲ್ಕು ಕಡೆ ಮುಗ್ಗರಿಸುವ ಅವಕಾಶ. ಪುಟ್ಟ ಸ್ಕ್ರಿಪ್ಟ್ ಬೇಕಾದ ಪಟ್ಟಿಯನ್ನಷ್ಟೇ ತಂದುಕೊಳ್ಳುತ್ತದೆ, ತುಂಬಿದ್ದನ್ನು ಉಳಿಸಿಕೊಳ್ಳುತ್ತದೆ. ಇನ್ನು ಕನ್ನಡದಲ್ಲೇ ಹೆಸರು ಬರೆಯಬೇಕಾದ ಫಾರಂ ಇದ್ದರಂತೂ ಸ್ಕ್ರಿಪ್ಟ್ ಅಲಂಕಾರಕ್ಕಿರುವುದಲ್ಲ. ಕನ್ನಡ ವಿಕಿಪೀಡಿಯವನ್ನು ಸ್ಕ್ರಿಪ್ಟ್ ಇಲ್ಲದೆಯೂ ಓದಬಹುದು, ತಿದ್ದಲೂಬಹುದು. ಆದರೆ ಕನ್ನಡ ಕೀಲಿಮಣೆ ಇಲ್ಲದ ಕಂಪ್ಯೂಟರ್‌ನ ಮುಂದೆ ಕುಳಿತವನಿಗೆ ಕಗಪ, ಇನ್‌ಸ್ಕ್ರಿಪ್ಟ್, ಲಿಪ್ಯಂತರಣ ಎಂಬ ಕೀಲಿಮಣೆ ವಿನ್ಯಾಸಗಳಲ್ಲಿ ಟೈಪಿಸಲು ಅಲ್ಲಿ ನೆರವಾಗುವ ಉಪಕರಣ ಜಾವಾಸ್ಕ್ರಿಪ್ಟ್‌ನಿಂದಲೇ ನಡೆಯುತ್ತದೆ. ಅದನ್ನು ತೆಗೆದರೆ ಅಕ್ಷರವೇ ಮೂಡುವುದಿಲ್ಲ.

ದೃಷ್ಟಿಯಿಲ್ಲದವರ ಹೆಸರಿನಲ್ಲಿ ಈ ಬೇಡಿಕೆಯನ್ನು ಮುಂದಿಡುವವರೂ ಇದ್ದಾರೆ. ಅದು ಹಳೆಯ ಕಾಲದ ಮಾತು. ಅಂಗವಿಕಲರಿಗೂ ಜಾಲತಾಣ ಬಳಕೆಗೆ ಬರುವಂತೆ ರೂಪಿಸಿದ 1999ರ ಡಬ್ಲ್ಯುಸಿಎಜಿ ಮಾರ್ಗಸೂಚಿಯಲ್ಲಿ ಸ್ಕ್ರಿಪ್ಟ್ ನಿಂತರೂ ಪುಟ ಬಳಕೆಗೆ ಬರಬೇಕೆಂಬ ನಿಯಮವಿತ್ತು; 2008ರ ಎರಡನೆಯ ಆವೃತ್ತಿ ಅದನ್ನು ಕೈಬಿಟ್ಟು, ಸ್ಕ್ರಿಪ್ಟ್ ಇದ್ದರೆ ಅದು ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೂ ಸ್ಪಂದಿಸಲಿ ಎಂಬ ಕಡೆಗೆ ಹೊರಳಿತು. 2014ರಲ್ಲಿ ವೆಬ್‌ಏಮ್ ಸಂಸ್ಥೆ ಸ್ಕ್ರೀನ್ ರೀಡರ್ ಬಳಕೆದಾರರ ಸಮೀಕ್ಷೆ ನಡೆಸಿದಾಗ ಉತ್ತರಿಸಿದವರಲ್ಲಿ ಶೇ 97.6 ಮಂದಿಯ ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಚಾಲ್ತಿಯಲ್ಲಿತ್ತು. ಅವರಿಗೆ ಬೇಕಿರುವುದು ತಪ್ಪು ತುಂಬಿದಾಗ ಆ ಕ್ಷಣವೇ ಕಿವಿಗೆ ಬೀಳುವ ಸೂಚನೆ, ಕೀಬೋರ್ಡ್‌ನಿಂದಲೇ ತೆರೆಯಬಹುದಾದ ಮೆನು. ಸ್ಕ್ರಿಪ್ಟ್ ಇಲ್ಲದವರಿಗಾಗಿ ವೆಚ್ಚ ಮಾಡುವ ಸಮಯವನ್ನು ಇದಕ್ಕೆ ಕೊಟ್ಟರೆ ಪ್ರಯೋಜನ ಪಡೆಯುವವರು ಹೆಚ್ಚು.

ತಾವಾಗಿ ನಿಲ್ಲಿಸಿಕೊಂಡವರ ವಿಚಾರ ಬೇರೆ. 2013ರ ಆಗಸ್ಟ್‌ನಲ್ಲಿ ಬಂದ ಫೈರ್‌ಫಾಕ್ಸ್ 23 ಆ ಆಯ್ಕೆಯನ್ನು ಸಾಮಾನ್ಯ ಸೆಟ್ಟಿಂಗ್‌ಗಳಿಂದಲೇ ತೆಗೆದುಹಾಕಿತು. ಅದಾದ ಮೇಲೂ ಹುಡುಕಿ ನಿಲ್ಲಿಸಬಲ್ಲವರಿಗೆ ಒಂದು ತಾಣಕ್ಕೆ ಮಾತ್ರ ಅನುಮತಿ ಕೊಡುವುದು ತಿಳಿಯದ ಕೆಲಸವೇನಲ್ಲ. ಗೂಗಲ್ 2018ರಿಂದ ಲಾಗಿನ್‌ಗೆ, 2025ರಿಂದ ಹುಡುಕಾಟಕ್ಕೂ ಸ್ಕ್ರಿಪ್ಟ್ ಕಡ್ಡಾಯ ಮಾಡಿತು. ಅದರ ಹಿಂದೆ ಬಾಟ್‌ಗಳ, ಅಂದರೆ ಮನುಷ್ಯರಂತೆ ತಾಣಕ್ಕೆ ಬರುವ ಸ್ವಯಂಚಾಲಿತ ತಂತ್ರಾಂಶಗಳ ಕಾಟವೂ ಇದೆ. ಎಐಗಾಗಿ ತಾಣಗಳ ಪುಟಗಳನ್ನು ಬಾಚಿಕೊಳ್ಳುವ ಕ್ರಾಲರ್‌ಗಳ ಹಾವಳಿ ತಡೆಯಲು 2025ರಲ್ಲಿ ಬಂದ ಅನುಬಿಸ್‌ನಂಥ ಉಪಕರಣ ಬ್ರೌಸರ್‌ನಿಂದ ಸ್ಕ್ರಿಪ್ಟ್ ಮೂಲಕ ಒಂದು ಸಣ್ಣ ಲೆಕ್ಕ ಮಾಡಿಸಿ ಒಳಗೆ ಬಿಡುತ್ತದೆ. ಸ್ಕ್ರಿಪ್ಟ್ ಓಡಿಸದೆ ಬಾಗಿಲಿಗೆ ಬಂದದ್ದು ಮನುಷ್ಯನೋ ಯಂತ್ರವೋ ಎಂದು ಬೇರ್ಪಡಿಸುವುದು ಇಂದು ಕಷ್ಟ, ಎಲ್ಲರಿಗೂ ಬಾಗಿಲು ತೆರೆದಿಟ್ಟು ಸರ್ವರ್ ಮಲಗಿದರೆ ಅರ್ಜಿದಾರರೆಲ್ಲರೂ ಹೊರಗುಳಿಯುತ್ತಾರೆ.

ಓದಲಿಕ್ಕಷ್ಟೇ ಇರುವ ಪುಟಗಳ ಮಾತು ಬೇರೆ. ಆದೇಶ, ಸುತ್ತೋಲೆ, ದೂರವಾಣಿ ಸಂಖ್ಯೆಗಳನ್ನು ಸ್ಕ್ರಿಪ್ಟ್‌ನ ಹಿಂದೆ ಬಚ್ಚಿಡಲು ಯಾವ ಸಮರ್ಥನೆಯೂ ಇಲ್ಲ. ವ್ಯವಹಾರದ ಪುಟಗಳಲ್ಲಿ ಮಾತ್ರ ಸೂಚನೆ ಸಾಕು, ಆದರೆ ಅದು ಈಗಿನಂಥ ಒಂಟಿ ಸಾಲಾಗಿರಬಾರದು. ನೋಸ್ಕ್ರಿಪ್ಟ್ ಟ್ಯಾಗ್ ಕೈಕೊಡುತ್ತದೆ ಎಂಬ ಆಕ್ಷೇಪ ಸರಿ. ಹಾಗಾಗಿ ಸೂಚನೆಯನ್ನು ಮೊದಲೇ ಪುಟದಲ್ಲಿ ಅಚ್ಚಾಗಿಸಿ, ಸ್ಕ್ರಿಪ್ಟ್ ಓಡಿದ ಮೇಲೆ ಅದೇ ಸೂಚನೆಯನ್ನು ತೆಗೆಯುವಂತೆ ಮಾಡಬೇಕು. ಈ ಪುಟದಲ್ಲಿ ಯಾವ ಕೆಲಸ ನಡೆಯುವುದಿಲ್ಲ, ಅದೇ ಕೆಲಸಕ್ಕೆ ಯಾವ ಕಚೇರಿಗೆ ಹೋಗಬೇಕು, ಯಾವ ದಾಖಲೆ ತರಬೇಕು, ಸಹಾಯವಾಣಿಯ ಸಂಖ್ಯೆ ಯಾವುದು ಎಂಬುದನ್ನು ಅದು ಕನ್ನಡದಲ್ಲಿ ಹೇಳಬೇಕು.