ಚಾ, ತರಕಾರಿ ಜ್ಯೂಸ್ ಮತ್ತು ನಮ್ಮ ರೊಟ್ಟಿ ತಾಟು

ಪುಣೆಯಲ್ಲಿ ನೆಲೆಸಿದ ಹುಬ್ಬಳ್ಳಿ-ಧಾರವಾಡದವರು ರಜೆಗೆ ಊರಿಗೆ ಬಂದರೆ ಮನೆಯಲ್ಲಿ ಒಂದು ವಾದ ಶುರುವಾಗುತ್ತದೆ. ಬೆಳಿಗ್ಗೆ ಎದ್ದು ಚಾ ಕುಡಿಯೋದು ಒಳ್ಳೆಯದೋ, ತರಕಾರಿ ಜ್ಯೂಸ್ ಒಳ್ಳೆಯದೋ? ನಮ್ಮ ಮನೆಯಲ್ಲೂ ಇದು ತಪ್ಪಿದ್ದಲ್ಲ. ನಾನು ಪುಣೆ ಕಡೆಯವನು ಅಂತ ಎಲ್ಲರೂ ನನ್ನನ್ನು ಜ್ಯೂಸ್ ಪಾರ್ಟಿಗೆ ಸೇರಿಸಿಬಿಡುತ್ತಾರೆ. ಆದರೆ ಎರಡೂ ಊರು ನೋಡಿದ ಮೇಲೆ ನನ್ನ ಅನಿಸಿಕೆ ಬೇರೆಯೇ ಇದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಪುಣೆಯ ಉದ್ಯಾನಗಳ ಹೊರಗೆ ಬೆಳಿಗ್ಗೆ ಜ್ಯೂಸ್ ಮಾರುವವರು ಇರುತ್ತಾರೆ. ಹಾಗಲಕಾಯಿ, ಸೋರೆಕಾಯಿ, ಬೀಟ್‌ರೂಟ್, ನೆಲ್ಲಿಕಾಯಿ, ಗೋಧಿ ಹುಲ್ಲು, ಹೀಗೆ ಬಣ್ಣಬಣ್ಣದ ರಸ. ವಾಕಿಂಗ್ ಮುಗಿಸಿದವರು ಒಂದು ಲೋಟ ಕುಡಿದೇ ಮನೆಗೆ ಹೋಗುತ್ತಾರೆ. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆ ದಂಡೆಗೋ ನೃಪತುಂಗ ಬೆಟ್ಟಕ್ಕೋ ಹೋಗಿ ಬಂದವರು ಚಾ ಅಂಗಡಿ ಹುಡುಕುತ್ತಾರೆ. ಗುರುತಿನವರು ಸಿಕ್ಕರೆ ಮುಗೀತು, "ಬರ್ರಿ, ಬೈಟು ಚಾ ಕುಡಿಯೂಣು" ಅನ್ನುವ ಮಾತು ಬಂದೇ ಬರುತ್ತದೆ. ಹಾಗಂತ ಪುಣೆಯವರು ಚಾ ಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಅಲ್ಲಿನ ಅಮೃತತುಲ್ಯ ಚಹಾ ಅಂಗಡಿಗಳು ಇಡೀ ಮಹಾರಾಷ್ಟ್ರಕ್ಕೆ ಹೆಸರಾದವು. ಜ್ಯೂಸ್ ಕುಡಿದವರೇ ಅರ್ಧ ತಾಸಿಗೆ ಅಲ್ಲಿ ಸಿಗುತ್ತಾರೆ.

ಮೊದಲು ಚಾದ ಲೆಕ್ಕ ನೋಡೋಣ. ಹಾಲು, ಸಕ್ಕರೆ ಹಾಕದ ಬರೀ ಚಹಾದಲ್ಲಿ ಆಹಾರ ಅನ್ನುವಂಥದ್ದು ಏನೂ ಇಲ್ಲ. 100 ಮಿಲಿಗೆ ಒಂದು ಕ್ಯಾಲೊರಿ ಬರಬಹುದು, ಅಷ್ಟೇ. ಇರುವುದು ಕೆಫೀನ್ ಮತ್ತು ಪಾಲಿಫಿನಾಲ್ ಅನ್ನುವ ಒಗರು ವಸ್ತುಗಳು. ಈ ಪಾಲಿಫಿನಾಲ್ ಕೆಟ್ಟದ್ದೇನಲ್ಲ. ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಮಾಹಿತಿ ನೋಡಿ 2022ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ದಿನಕ್ಕೆ ಎರಡು ಕಪ್ಪೋ ಜಾಸ್ತಿಯೋ ಚಹಾ ಕುಡಿಯುವವರಲ್ಲಿ ಸಾವಿನ ಪ್ರಮಾಣ ಸ್ವಲ್ಪ ಕಡಿಮೆ ಕಂಡಿತು. ಚಹಾದಿಂದಲೇ ಹಾಗಾಯಿತು ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ ಚಾ ಅಂದರೆ ವಿಷ ಅಂತ ಹೆದರಿಸುವವರ ಮಾತಿಗೆ ಆಧಾರ ಇಲ್ಲ ಅನ್ನುವುದಂತೂ ಗೊತ್ತಾಗುತ್ತದೆ.

ನಮ್ಮ ಚಾದಲ್ಲಿ ಪೋಷಣೆ ಅಂತ ಏನಾದರೂ ಇದ್ದರೆ ಅದು ಹಾಲಿನದು. ಸಣ್ಣ ಗ್ಲಾಸಿನಲ್ಲಿ 50 ಮಿಲಿ ಹಾಲು ಇದ್ದರೆ ಒಂದೂವರೆ ಗ್ರಾಂ ಪ್ರೊಟೀನ್, 60 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಸಿಗುತ್ತದೆ. ಅದರ ಜೊತೆ ಎರಡು ಚಮಚ ಸಕ್ಕರೆ, ಅಂದರೆ 8 ಗ್ರಾಂ. ಒಂದು ಗ್ಲಾಸಿಗೆ ಇದು ದೊಡ್ಡದಲ್ಲ. ಆದರೆ ನಮ್ಮ ಕಡೆ ಒಂದಕ್ಕೆ ನಿಲ್ಲುವುದೇ ಇಲ್ಲವಲ್ಲ! ಎದ್ದ ಕೂಡಲೇ ಒಂದು, ನಾಷ್ಟಾ ಜೊತೆ ಒಂದು, ಆಫೀಸಿನಲ್ಲಿ ಎರಡು, ಸಂಜೆಗೆ ಒಂದು, ಯಾರದಾದರೂ ಮನೆಗೆ ಹೋದರೆ ಅಲ್ಲೊಂದು. ಬೇಡ ಅಂದರೆ ಅವರಿಗೆ ಬೇಸರ. ಹೀಗೆ ಆರು ಗ್ಲಾಸ್ ಆದರೆ 48 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 2000 ಕ್ಯಾಲೊರಿ ತಿನ್ನುವವರಿಗೆ ಇಂಥ ಸಕ್ಕರೆ 50 ಗ್ರಾಂ ದಾಟಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ಬರೀ ಚಾದಲ್ಲೇ ಆ ಮಿತಿಯ ಹತ್ತಿರ ಬಂದಿರುತ್ತೇವೆ. ಪೇಡೆ, ಹೋಳಿಗೆ, ಬಿಸ್ಕಿಟ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಈಗ ಜ್ಯೂಸ್. ಚಾಗೆ ಹೋಲಿಸಿದರೆ ವಿಟಮಿನ್, ಖನಿಜ ಇದರಲ್ಲೇ ಜಾಸ್ತಿ, ಅನುಮಾನ ಬೇಡ. ಗಜ್ಜರಿ (ಕ್ಯಾರೆಟ್) ರಸದಲ್ಲಿ, ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ ತುಂಬಾ ಇದೆ. ಅರೆದು ಹಿಂಡಿದಾಗ ಅದು ದೇಹಕ್ಕೆ ಸುಲಭವಾಗಿ ಸಿಗುತ್ತದೆ ಕೂಡ. ಬೀಟ್‌ರೂಟ್‌ನಲ್ಲಿರುವ ನೈಟ್ರೇಟ್ ರಕ್ತದೊತ್ತಡವನ್ನು ಒಂಚೂರು ಇಳಿಸುತ್ತದೆ. ಹಲ್ಲಿಲ್ಲದ ಹಿರಿಯರಿಗೆ, ಜಗಿಯಲು ಆಗದವರಿಗೆ ಜ್ಯೂಸ್ ನಿಜಕ್ಕೂ ಉಪಯೋಗ.

ಆದರೆ ಹಿಂಡಿ ಸೋಸಿದ ಮೇಲೆ ಜರಡಿಯಲ್ಲಿ ಉಳಿಯುತ್ತದಲ್ಲ, ಅದನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ. ಒಂದು ಲೋಟ ರಸಕ್ಕೆ ಮುನ್ನೂರು-ನಾನೂರು ಗ್ರಾಂ ಗಜ್ಜರಿ ಬೇಕು. ಅಷ್ಟು ಗಜ್ಜರಿ ಜಗಿದು ತಿಂದರೆ ಹತ್ತು ಗ್ರಾಂ ಆಸುಪಾಸು ನಾರು ಸಿಗುತ್ತಿತ್ತು. ಲೋಟದಲ್ಲಿ ಬರುವುದು ಎರಡು ಗ್ರಾಂ ಕೂಡ ಇಲ್ಲ. ಹೊಟ್ಟೆ ತುಂಬಿಸುವುದು, ಮಲಬದ್ಧತೆ ತಡೆಯುವುದು, ರಕ್ತಕ್ಕೆ ಸಕ್ಕರೆ ನಿಧಾನವಾಗಿ ಸೇರುವಂತೆ ಮಾಡುವುದು ಎಲ್ಲ ಆ ನಾರಿನ ಕೆಲಸ. ಅದನ್ನೇ ಬಿಸಾಡುತ್ತೇವೆ. ಜ್ಯೂಸ್ ಕುಡಿದರೆ ಡಿಟಾಕ್ಸ್, ಅಂದರೆ ದೇಹ ಶುದ್ಧ ಆಗುತ್ತದೆ ಅನ್ನುವ ಮಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೇಹದ ಕಸ ತೆಗೆಯುವ ಕೆಲಸ ಲಿವರ್ ಮತ್ತು ಕಿಡ್ನಿಯದು, ಅವು ಜ್ಯೂಸಿಗಾಗಿ ಕಾಯುತ್ತಾ ಕೂತಿರುವುದಿಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು, ಯಾಕಂದರೆ ಈಗ ನಮ್ಮೂರಲ್ಲೂ ಸೋರೆಕಾಯಿ ರಸ ಕುಡಿಯುವವರು ಕಾಣಿಸುತ್ತಿದ್ದಾರೆ. ಸೋರೆಕಾಯಿ ಕಹಿ ಇದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷ ಇರುತ್ತದೆ. ವಾಂತಿ, ಭೇದಿ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಿ ಜೀವ ಹೋದ ಉದಾಹರಣೆಗಳು ನಮ್ಮ ದೇಶದಲ್ಲೇ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ನೋಡಲು ತಜ್ಞರನ್ನೇ ನೇಮಿಸಿತ್ತು. ರಸ ಮಾಡುವ ಮುಂಚೆ ಸಣ್ಣ ಹೋಳು ಕತ್ತರಿಸಿ ರುಚಿ ನೋಡಿ, ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ, ಬೇರೆ ರಸದ ಜೊತೆ ಬೆರೆಸಬೇಡಿ ಅಂತ ಅವರು ಹೇಳಿದ್ದಾರೆ. ಕಹಿ ಇದ್ದಷ್ಟೂ ಔಷಧಿ ಅಂತ ನಂಬುವ ಹಿರಿಯರಿಗೆ ಇದನ್ನು ಕೂರಿಸಿ ಹೇಳಿ. ಹಾಗಲಕಾಯಿ ಕಹಿಯೇ, ಆದರೆ ಅದರ ರಸವೂ ಸಕ್ಕರೆ ಕಾಯಿಲೆಯ ಮಾತ್ರೆಗೆ ಬದಲಿಯಲ್ಲ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಯಾವ ತರಕಾರಿ ರಸವನ್ನೂ ದಿನಾ ಕುಡಿಯಬಾರದು. ಪೊಟ್ಯಾಸಿಯಂ ಜಾಸ್ತಿಯಾಗಿ ಹೃದಯಕ್ಕೆ ತೊಂದರೆ ಆಗಬಹುದು. ಕಿಡ್ನಿಯಲ್ಲಿ ಕಲ್ಲು ಆಗುವ ಪ್ರಕೃತಿಯವರಿಗೆ ಪಾಲಕ್, ಬೀಟ್‌ರೂಟ್ ರಸ ಇನ್ನೂ ಕಷ್ಟ.

ಹಾಗಾದರೆ ಯಾವುದು ಮೇಲು? ನನಗೆ ಕೇಳಿದರೆ, ನಮ್ಮ ಧಾರವಾಡದ ಊಟದ ತಾಟೇ ಈ ಎರಡಕ್ಕಿಂತ ಮೇಲು. ಎರಡು ಜೋಳದ ರೊಟ್ಟಿ, ಕಾಳು ಪಲ್ಯ, ಗುರೆಳ್ಳು ಹಿಂಡಿ (ಚಟ್ನಿ ಪುಡಿ), ಮೊಸರು. ಬದಿಗೆ ಹಸಿ ಮೆಂತ್ಯ, ಸವತಿಕಾಯಿ, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ. ಸಿಕ್ಕರೆ ಹಕ್ಕರಕಿ ಸೊಪ್ಪು. ಮೇಲೆ ಲಿಂಬೆ ಹೋಳು. ಇದರಲ್ಲಿ ಒಂದಕ್ಕೊಂದು ಹೇಗೆ ನೆರವಾಗುತ್ತದೆ ನೋಡಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣ. ಮೆಂತ್ಯ ಸೊಪ್ಪಿನಲ್ಲೂ ಕಬ್ಬಿಣ ಇದೆ. ಸಸ್ಯದ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ, ಅದಕ್ಕೆ ಲಿಂಬೆಯ ವಿಟಮಿನ್ ಸಿ ಸಹಾಯ ಮಾಡುತ್ತದೆ. ಗಜ್ಜರಿಯ ಕ್ಯಾರೊಟಿನ್‌ಗೆ ಎಣ್ಣೆಯಂಶ ಬೇಕು, ಅದು ಹಿಂಡಿಯಲ್ಲಿದೆ. ಈ ಹಸಿ ತರಕಾರಿ ಹೆಚ್ಚಿ ಪಚಡಿ ಮಾಡಿ ಶೇಂಗಾ ಪುಡಿ ಉದುರಿಸಿದರೆ ಇನ್ನೂ ಚಲೋ. ಪುಣೆಯ ಮನೆಗಳಲ್ಲಿ ತಾಟಿನ ಎಡಕ್ಕೆ ಕೋಶಿಂಬಿರ್ ಬಡಿಸುತ್ತಾರೆ, ಅದೂ ನಮ್ಮ ಪಚಡಿಯ ಬಳಗವೇ. ಅಲ್ಲಿನ ಜ್ಯೂಸ್ ಗಾಡಿ ನೋಡಿ ಕಲಿಯುವ ಬದಲು ಆ ಕೋಶಿಂಬಿರ್ ನೋಡಿ ನಮ್ಮದನ್ನು ಉಳಿಸಿಕೊಳ್ಳಬೇಕು ಅನ್ನಿಸುತ್ತದೆ.

ಇಷ್ಟು ಚೆಂದದ ಊಟ ಮಾಡಿ ನಾವು ಏನು ಮಾಡುತ್ತೇವೆ? ಕೈ ತೊಳೆದ ಕೂಡಲೇ ಚಾ ಕುಡಿಯುತ್ತೇವೆ. ಚಹಾದ ಒಗರು ಕಬ್ಬಿಣವನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಹೀರುವುದು ಅರ್ಧಕ್ಕಿಂತ ಜಾಸ್ತಿ ತಗ್ಗಬಹುದು ಅಂತ ಪ್ರಯೋಗಗಳಲ್ಲಿ ಕಂಡಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ಊಟಕ್ಕೆ ಒಂದು ತಾಸು ಮುಂಚೆ ಮತ್ತು ಒಂದು ತಾಸು ನಂತರ ಚಹಾ, ಕಾಫಿ ಬೇಡ ಅಂತ ಹೇಳಿದೆ. ನಮ್ಮ ರಾಜ್ಯಕ್ಕೆ ಇದು ಸಣ್ಣ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ ಇದೆ. ಹೆಚ್ಚೂಕಡಿಮೆ ಇಬ್ಬರಲ್ಲಿ ಒಬ್ಬರು.

ನಮ್ಮ ವೈನಿಗೆ, ಅಂದರೆ ಅತ್ತಿಗೆಗೆ, ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: "ಅಂದ್ರ ಚಾ ಬಿಡಬೇಕೇನ್ರಿ?" ಬಿಡಬೇಕಾಗಿಲ್ಲ. ಬೆಳಗಿನ ಚಾ ಕುಡಿಯಲಿ, ನಾಷ್ಟಾ ಒಂದು ತಾಸು ಬಿಟ್ಟು ಮಾಡಲಿ. ಮಧ್ಯಾಹ್ನದ್ದನ್ನು ನಾಲ್ಕು ಗಂಟೆಗೆ ಇಟ್ಟುಕೊಳ್ಳಲಿ. ಸಕ್ಕರೆ ಎರಡು ಚಮಚದಿಂದ ಒಂದಕ್ಕೆ ಇಳಿಸಲಿ. ಮನೆಗೆ ಬಂದವರಿಗೆ ಮಜ್ಜಿಗೆ ಕೊಟ್ಟರೂ ಅದು ಉಪಚಾರವೇ, ಅಲ್ವಾ? ಜ್ಯೂಸ್ ಇಷ್ಟ ಇರುವವರು ಯಾವಾಗಲಾದರೂ ಕುಡಿಯಲಿ, ಆದಷ್ಟು ಸೋಸದೆ ಕುಡಿಯಲಿ. ಅದನ್ನು ಕುಡಿದೆ ಅಂತ ತಾಟಿನಲ್ಲಿ ಪಲ್ಯ ಬಿಡದಿದ್ದರೆ ಸಾಕು.

ನನಗೆ ನಿಜವಾದ ಚಿಂತೆ ಇರುವುದು ಧಾರವಾಡದ ಸಪ್ತಾಪುರದ ಕಡೆ. ಪರೀಕ್ಷೆಗೆ ಓದಲು ಹಾವೇರಿ, ಗದಗ, ಕೊಪ್ಪಳದಿಂದ ಬಂದ ಹುಡುಗ ಹುಡುಗಿಯರು ರೂಮು ಮಾಡಿಕೊಂಡು ಅಲ್ಲಿ ಇರುತ್ತಾರೆ. ಎಷ್ಟೋ ಮಂದಿಗೆ ಬೆಳಗಿನ ನಾಷ್ಟಾ ಅಂದರೆ ಚಾ ಮತ್ತು ಬಿಸ್ಕಿಟ್. ಹಸಿವಾದರೆ ಮತ್ತೊಂದು ಚಾ. ಊರಲ್ಲಿ ಹೊಲದಿಂದ ಹಸಿ ಮೆಂತ್ಯ ಕಿತ್ತು ತಿಂದ ಮಕ್ಕಳು ಇವರು. ಅವರಿಗೆ ಮೆಸ್ ನಡೆಸುವವರಲ್ಲಿ, ಖಾನಾವಳಿ ಮಾಲೀಕರಲ್ಲಿ ನನ್ನದೊಂದು ಕೇಳಿಕೆ. ಉಳ್ಳಾಗಡ್ಡಿಯ ಎರಡು ತುಂಡಿಗೆ ಇಳಿದಿರುವ ಆ ಹಸಿ ತರಕಾರಿ ತಾಟನ್ನು ಮತ್ತೆ ತುಂಬಿಸಿ. ಸೀಜನ್ನಿನಲ್ಲಿ ಮೂಲಂಗಿ, ಮೆಂತ್ಯ ಸಂತೆಯಲ್ಲಿ ಅಗ್ಗವೇ ಇರುತ್ತವೆ. ಒಂದೊಂದು ಲಿಂಬೆ ಹೋಳು ಇಡಿ. ಊಟದ ಬೆನ್ನಿಗೇ ಚಾ ಕೊಡುವುದನ್ನು ನಿಲ್ಲಿಸಿ, ಸಂಜೆ ನಾಲ್ಕಕ್ಕೆ ಕೊಡಿ.